ತೀರಿಸಲಾಗದ ಋಣ

ಹೋಳಿಹುಣ್ಣಿಮೆಯ ಬಣ್ಣ ಗೋಡೆಗಳ ಮೇಲೆ ಇನ್ನೂ ಮಾಸಿರುವುದಿಲ್ಲ. ಹಾರೂಗೇರಿಯ ಕೆಲವು ಮನೆಗಳಲ್ಲಿ ನಡುರಾತ್ರಿ ಕಳೆದರೂ ಒಲೆ ಆರಿರುವುದಿಲ್ಲ. ಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ ಹಂಚಿನ ಮೇಲಿಂದ ಒಂದೊಂದಾಗಿ ಇಳಿಯುತ್ತವೆ. ಅವನ್ನು ಕಟಕಟನೆ ಮುರಿಯುವಷ್ಟು ಒಣಗಿಸಿ, ಶೇಂಗಾ, ಗುರೆಳ್ಳು, ಅಗಸೆಗಳ ಚಟ್ನಿಪುಡಿಯೊಡನೆ ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿಡುತ್ತಾರೆ. ಮನೆಯವರೊಬ್ಬರು ನಸುಕಿನಲ್ಲಿ ಹೊರಡಬೇಕು. ಹೊರಡುವುದು ಹತ್ತಿರದ ಚಿಂಚಲಿಯ ಮಾಯಕ್ಕನ ಜಾತ್ರೆಗಲ್ಲ. ನಡೆದು ಸೇರಬೇಕಾದುದು ಶ್ರೀಶೈಲವನ್ನು, ಅದೂ ಯುಗಾದಿಯೊಳಗೆ.

ರಾಯಬಾಗ ತಾಲ್ಲೂಕಿನ ಈ ಊರು ಕಬ್ಬಿನ ಸೀಮೆಯದು, ಅರಿಸಿನದ ಸೀಮೆಯದು. ಉತ್ತರಕ್ಕೆ ಹೋದರೆ ಕುಡಚಿಯ ಬಳಿ ಕೃಷ್ಣೆ ಹರಿಯುತ್ತಾಳೆ. ಶ್ರೀಶೈಲವಿರುವುದು ಆಂಧ್ರಪ್ರದೇಶದ ನಲ್ಲಮಲ ಬೆಟ್ಟಗಳ ನಡುವೆ. ೨೦೨೨ರವರೆಗೆ ಅದು ಕರ್ನೂಲು ಜಿಲ್ಲೆಯಲ್ಲಿತ್ತು, ಈಗ ನಂದ್ಯಾಲ ಜಿಲ್ಲೆಯಲ್ಲಿದೆ. ನಕಾಶೆಯ ಮೇಲೆ ನೇರವಾಗಿ ಗೆರೆ ಎಳೆದು ಅಳೆದರೂ ೪೦೦ ಕಿಲೋಮೀಟರಿಗೆ ಮಿಗಿಲು; ಕಾಲುದಾರಿ ಇನ್ನೂ ಉದ್ದ. ಹುಣ್ಣಿಮೆಗೂ ಯುಗಾದಿಗೂ ನಡುವಿರುವುದು ಒಂದೇ ಪಕ್ಷ. ದಿನಕ್ಕೆ ಮೂವತ್ತು ಮೂವತ್ತೈದು ಕಿಲೋಮೀಟರು ನಡೆಯದೆ ಗತಿಯಿಲ್ಲ. ಆದರೂ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಹಳ್ಳಿಗಳಿಂದ, ಗಡಿಯಾಚೆಯ ಸೋಲಾಪುರದ ಕಡೆಯಿಂದಲೂ ಜನ ಪ್ರತಿವರ್ಷ ಹೊರಡುತ್ತಾರೆ. ಶ್ರೀಶೈಲದ ಭ್ರಮರಾಂಬೆ ಅವರ ಪಾಲಿಗೆ ಮನೆಯ ಮಗಳು, ಮಲ್ಲಯ್ಯ ಅಳಿಯ. ಹಬ್ಬದ ಹೊತ್ತಿಗೆ ಮಗಳ ಮನೆಗೆ ಸೀರೆ, ಅರಿಸಿನ, ಕುಂಕುಮ ಒಯ್ಯದಿದ್ದರೆ ಹೇಗೆ?

ಇಂಥ ಗುಂಪಿನಲ್ಲಿ ಭಕ್ತರಷ್ಟೇ ಇರುತ್ತಾರೆಂದು ತಿಳಿಯಬಾರದು. ಹರಕೆ ಹೊತ್ತವರು ಇರುತ್ತಾರೆ. ಮನೆಯ ಬೇಸರಕ್ಕೆ ಬಂದವರು ಇರುತ್ತಾರೆ. ಗೆಳೆಯರು ಕರೆದರೆಂದು ಬಂದ ಹುಡುಗರು ಇರುತ್ತಾರೆ. ಮತ್ತು ಒಬ್ಬರೊಡನೊಬ್ಬರು ಮಾತುಬಿಟ್ಟ ಇಬ್ಬರು, ಹೆಚ್ಚುಕಡಿಮೆ ಪ್ರತಿಯೊಂದು ಗುಂಪಿನಲ್ಲಿಯೂ ಇದ್ದೇ ಇರುತ್ತಾರೆ. ಅವರು ಯಾವ ಊರಿನವರಾದರೂ ಆಗಬಹುದು. ಹಾರೂಗೇರಿಯವರೆಂದೇ ಭಾವಿಸಿಕೊಂಡು, ಹೆಸರು ಕೇಳದೆ, ಅವರ ಬೆನ್ನ ಹಿಂದೆ ನಡೆದು ನೋಡಬಹುದು.

ಹಿರಿಯವನು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವನು. ಕಿರಿಯವನು ಅವನ ಕಾಕನ ಮಗ, ಒಕ್ಕಲುತನದವನು. ಅಜ್ಜ ತೋಡಿಸಿದ ಬಾವಿ ಒಂದೇ, ಹೊಲಗಳು ಎರಡಾಗಿವೆ. ವಿದ್ಯುತ್ತು ಇರುವ ಕೆಲವು ತಾಸುಗಳಲ್ಲಿ ಯಾರ ಕಬ್ಬಿಗೆ ನೀರು, ಯಾವ ದಿನ ಯಾರ ಪಾಳಿ ಎಂಬ ಮಾತಿನಿಂದ ಹುಟ್ಟಿದ ಜಗಳ ಮೂರು ವರ್ಷ ಬೆಳೆದು, ಮದುವೆ ಮುಂಜಿಗಳಲ್ಲಿಯೂ ಬೇರೆ ಬೇರೆ ಪಂಕ್ತಿಯಲ್ಲಿ ಕೂರುವವರೆಗೆ ಬಂದಿದೆ. ಇಬ್ಬರೂ ಒಂದೇ ಗುಂಪಿನಲ್ಲಿ ಹೊರಟರೇಕೆ? ಒಬ್ಬನು ತಾಯಿಯ ಹರಕೆ ತೀರಿಸಲು ಹೊರಟ. ಇನ್ನೊಬ್ಬನು ಮೊದಲೇ ಮಾತು ಕೊಟ್ಟಿದ್ದ. ಒಬ್ಬನಿದ್ದಾನೆಂದು ಇನ್ನೊಬ್ಬನು ಹಿಂದೆ ಸರಿದರೆ ಊರು ನಗುತ್ತದೆ. ಅಷ್ಟೇ ಕಾರಣ.

ಗುಂಪಿನ ಮುಂದೆ ಮಲ್ಲಯ್ಯನ ಕಂಬಿ ನಡೆಯುತ್ತದೆ. ಅಲಂಕರಿಸಿದ ಉದ್ದನೆಯ ಬಿದಿರು, ಹೆಗಲ ಮೇಲೆ ಅದರ ಭಾರ. ಅದನ್ನು ಎಲ್ಲೆಂದರಲ್ಲಿ ನೆಲಕ್ಕಿಳಿಸುವಂತಿಲ್ಲ. ಒಬ್ಬನು ಹೊತ್ತು ದಣಿದರೆ ಮತ್ತೊಬ್ಬನು ಹೆಗಲು ಕೊಡಬೇಕು. ಇಲ್ಲಿಯೂ ಪಾಳಿಯೇ. ಆದರೆ ಈ ಪಾಳಿಗೆ ಗಡಿಯಾರವಿಲ್ಲ, ವಾದವಿಲ್ಲ. ಮುಂದಿನವನ ನಡಿಗೆ ಸಡಿಲವಾದುದನ್ನು ಕಂಡ ಹಿಂದಿನವನು, ಕೇಳಿಸಿಕೊಳ್ಳುವ ಮೊದಲೇ ಹೆಗಲು ಒಡ್ಡುತ್ತಾನೆ. ಬಾವಿಯ ಪಾಳಿಯಲ್ಲಿ ತನ್ನ ಸರದಿ ಯಾವಾಗ ಬಂದೀತೆಂದು ಕಾಯುವ ಮನುಷ್ಯ, ಕಂಬಿಯ ಪಾಳಿಯಲ್ಲಿ ಇನ್ನೊಬ್ಬನ ದಣಿವು ಯಾವಾಗ ಕಂಡೀತೆಂದು ನೋಡುತ್ತಿರುತ್ತಾನೆ. ಮೊದಲ ನಾಲ್ಕು ದಿನ ಇಬ್ಬರೂ ಒಂದು ಜಾಣತನ ಮಾಡಿದರು: ಒಬ್ಬನ ಹೆಗಲಿನಿಂದ ಇನ್ನೊಬ್ಬನ ಹೆಗಲಿಗೆ ಕಂಬಿ ನೇರವಾಗಿ ಬಾರದಂತೆ ನಡುವೆ ಮತ್ತೊಬ್ಬನನ್ನು ಇರಿಸಿಕೊಂಡರು.

ಲೆಕ್ಕ ಬರೆಯುವವನ ಅಂಗಿಯ ಕಿಸೆಯಲ್ಲಿ ಒಂದು ಚಿಕ್ಕ ಪುಸ್ತಕವಿತ್ತು. ಯಾರ ಹಂಗಿಗೂ ಬೀಳಬಾರದೆಂಬುದು ಅವನ ಬಾಳಿನ ನಿಯಮ. ದಾರಿಯಲ್ಲಿ ಯಾರು ಏನು ಕೊಟ್ಟರೂ ಬರೆದುಕೊಳ್ಳುವುದು, ಊರಿಗೆ ಮರಳಿದ ಮೇಲೆ ಹೇಗಾದರೂ ತೀರಿಸುವುದು ಎಂದು ನಿಶ್ಚಯಿಸಿದ್ದ. ಮುಧೋಳದ ದಾರಿಯಲ್ಲಿ ಚಹ, ಲೋಕಾಪುರದ ಬಳಿ ಊಟ, ಬಾಗಲಕೋಟೆಯಲ್ಲಿ ಮಲಗಲು ಜಾಗ — ಹೆಸರು, ಊರು ಸಹಿತ ಪುಟ ತುಂಬಿತು.

ಆದರೆ ಆ ದಾರಿಯ ರೀತಿಯೇ ಬೇರೆ. ಬಿಸಿಲೇರುವ ಮುನ್ನ ಒಂದಷ್ಟು ನಡಿಗೆ, ಇಳಿಹೊತ್ತಿನಲ್ಲಿ ಒಂದಷ್ಟು ನಡಿಗೆ, ನಡುಹಗಲು ಮರದ ನೆರಳು. ಊರೂರಿನ ಅಗಸೆಯಲ್ಲಿ ಜನ ಕಾದು ನಿಂತಿರುತ್ತಾರೆ. ಕಂಬಿಗೆ ನೀರೆರೆಯುತ್ತಾರೆ, ನಡೆದು ಬಂದವರನ್ನು ಕೂರಿಸುತ್ತಾರೆ. ಒಬ್ಬರು ಅನ್ನ ಬಡಿಸಿದರೆ ಮತ್ತೊಬ್ಬರು ಅಂಬಲಿ ಕೊಡುತ್ತಾರೆ. ಮಗದೊಬ್ಬರು ಎಣ್ಣೆಯ ಬಟ್ಟಲು ಹಿಡಿದು ಗುಳ್ಳೆಯೆದ್ದ ಅಂಗಾಲುಗಳ ಮುಂದೆ ಕುಳಿತುಬಿಡುತ್ತಾರೆ. ಪರವೂರಿನ, ಹಿಂದೆ ಕಂಡಿಲ್ಲದ, ಮುಂದೆ ಕಾಣುವ ಸಂಭವವೂ ಇಲ್ಲದ ಒಬ್ಬನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುವವನಿಗೆ ಯಾವ ತಲೆಬರಹದ ಕೆಳಗೆ ಜಮಾ ಬರೆಯಬೇಕು?

ಇಳಕಲ್ಲಿನ ಈಚೆಗೆ, ರಸ್ತೆಯ ಬದಿಯ ಬೇವಿನ ಮರದಡಿ ಮುದುಕಿಯೊಬ್ಬಳು ಗಡಿಗೆಯಲ್ಲಿ ಮಜ್ಜಿಗೆ ಇಟ್ಟುಕೊಂಡು ಕುಳಿತಿದ್ದಳು. ಎರಡು ಲೋಟ ಕುಡಿದ ಲೆಕ್ಕದವನು ಹತ್ತು ರೂಪಾಯಿಯ ನೋಟು ಚಾಚಿದ. ಮುದುಕಿಯ ಮುಖ ಸಪ್ಪಗಾಯಿತು.

“ಮಾರಾಕ ಕುಂತಿಲ್ಲೋ ಯಪ್ಪಾ. ನನ್ನ ಕಾಲಾಗ ಅಷ್ಟು ದೂರ ಆಗೂದಿಲ್ಲ. ಮಲ್ಲಯ್ಯಗ ನನ್ನ ಹೆಸರಿಲೆ ಒಮ್ಮೆ ಕೈ ಮುಗಿ, ಸಾಕು.”

ಆತ ನಾಚಿ ನೋಟನ್ನು ಮಡಿಸಿಕೊಂಡ. ಹೂಂ ಎಂದು ನಡೆದ. ಎರಡು ಮೈಲಿ ದಾಟಿದ ಮೇಲೆ ಪುಸ್ತಕ ತೆರೆದಾಗ ನೆನಪಾಯಿತು — ಅವಳ ಹೆಸರನ್ನೇ ಕೇಳಿರಲಿಲ್ಲ.

ಕನ್ನಡದಲ್ಲಿ ಬಳಕೆಯಾಗುವ ಒಂದು ಸಂಸ್ಕೃತ ಪದವನ್ನು ಇಲ್ಲಿ ಬಿಡಿಸಿ ನೋಡಬೇಕು. ‘ಕೃತಜ್ಞ’ ಎಂದರೆ ‘ಮಾಡಿದ್ದನ್ನು ತಿಳಿದವನು’. ಮಾಡಿದ್ದನ್ನು ತೀರಿಸಿದವನು ಎಂದಲ್ಲ. ಅದರ ವಿರೋಧಪದವಾದ ‘ಕೃತಘ್ನ’ನೂ ಸಾಲ ಉಳಿಸಿಕೊಂಡವನಲ್ಲ, ‘ಮಾಡಿದ್ದನ್ನು ಕೊಂದವನು’, ಎಂದರೆ ತನಗೆ ಯಾರೂ ಏನೂ ಮಾಡಲೇ ಇಲ್ಲವೆಂಬಂತೆ ಬಾಳುವವನು. ಪಟ್ಟಣದ ವಿದ್ಯಾವಂತ ಸಂಸಾರಗಳಲ್ಲಿ ಉಪಕಾರಕ್ಕೆ ಪ್ರತ್ಯುಪಕಾರವನ್ನು ಬೇಗನೆ ಮಾಡಿ ಮುಗಿಸುವುದನ್ನೇ ಸೌಜನ್ಯವೆನ್ನುವ ರೂಢಿ ಬೆಳೆದಿದೆ. ನೆರೆಮನೆಯವರು ಒಂದು ಬಟ್ಟಲು ಪಾಯಸ ಕಳಿಸಿದರೆ ನಾಳೆಯೇ ಆ ಬಟ್ಟಲಿನಲ್ಲಿ ಲಾಡು ಹೋಗಬೇಕು. ಬಟ್ಟಲು ಹಿಂತಿರುಗಿದೊಡನೆ ಮನಸ್ಸು ಹಗುರವಾಗುತ್ತದೆ. ಆ ಹಗುರಿನಲ್ಲಿ ಪ್ರೀತಿಗಿಂತ, ಬಿಡುಗಡೆ ದೊರೆತ ಸಮಾಧಾನವೇ ಹೆಚ್ಚಿರುವುದುಂಟು. ತೀರಿಸುವ ಅವಸರವು ಒಮ್ಮೊಮ್ಮೆ ತಿಳಿಯದಿರುವ ಉಪಾಯವೂ ಆಗುತ್ತದೆ.

ಈ ದಾರಿ ಆ ಉಪಾಯವನ್ನು ಕಿತ್ತುಕೊಳ್ಳುತ್ತದೆ. ಶರಣರು ಬಳಸಿದ ‘ದಾಸೋಹ’ವೆಂಬ ಮಾತು ‘ನಾನು ದಾಸ’ ಎಂಬ ಅರ್ಥದಿಂದ ಬಂದದ್ದು. ಕೊಡುವವನೇ ದಾಸನಾಗಿ, ಉಣ್ಣುವವನು ಬಂದದ್ದೇ ತನ್ನ ಭಾಗ್ಯವೆಂದು ನಿಂತರೆ, ಧನ್ಯವಾದವನ್ನಾದರೂ ಯಾರಿಗೆ ಹೇಳುವುದು? ಪಡೆದವನಿಗೆ ಉಳಿಯುವ ದಾರಿ ಒಂದೇ: ತಿಳಿದುಕೊಳ್ಳುವುದು, ಮತ್ತು ತನ್ನ ಹಿಂದೆ ಬರುವವನಿಗೆ ದಾಟಿಸುವುದು. ರಾಯಚೂರಿನ ಬಿಸಿಲುಸೀಮೆ ಮುಟ್ಟುವ ಹೊತ್ತಿಗೆ ಲೆಕ್ಕದವನ ಪುಸ್ತಕದಲ್ಲಿ ಹೆಸರುಗಳು ನಿಂತುಹೋಗಿ, ‘ಒಬ್ಬರು’, ‘ಮತ್ತೊಬ್ಬರು’ ಎಂಬ ಮಾತುಗಳು ಬಂದವು. ತುಂಗಭದ್ರೆಯನ್ನು ದಾಟಿದ ಮೇಲೆ ಪುಟಗಳು ಬರಿದಾದವು.

ನದಿ ದಾಟಿದರೆ ಭಾಷೆ ಬದಲಾಗುತ್ತದೆ. ಕರ್ನೂಲು, ಆತ್ಮಕೂರುಗಳ ಕಡೆಯ ತೆಲುಗು ಮನೆಗಳ ಮುಂದೆ “ಕೂರ್ಚೋಂಡಿ” ಎಂದು ಚಾಪೆ ಹಾಸುವವರಿಗೆ ಕನ್ನಡ ಬಾರದು. ಇವರಿಗೆ ತೆಲುಗು ಬಾರದು. ಆದರೆ ‘ನೀರು’ ಅಲ್ಲಿ ‘ನೀಳ್ಳು’ ಆಗುತ್ತದೆ, ‘ಅನ್ನ’ ‘ಅನ್ನಂ’ ಆಗುತ್ತದೆ. ಹಸಿದವನಿಗೆ ಅಷ್ಟು ವ್ಯಾಕರಣ ಸಾಕು. ವೆಂಕಟಾಪುರದ ಬಳಿ ರಸ್ತೆ ಹಿಂದುಳಿದು ಕಾಡು ಮೊದಲಾಗುತ್ತದೆ. ನಾಗಲೂಟಿಯ ವೀರಭದ್ರನ ಗುಡಿ, ಪೆದ್ದಚೆರುವು, ಅಲ್ಲಿಂದ ಭೀಮನಕೊಳ್ಳ — ತೆಲುಗರ ಬಾಯಲ್ಲಿ ಭೀಮುನಿಕೊಲನು — ಕೊನೆಗೆ ಕೈಲಾಸದ್ವಾರ. ಮೋಟಾರು ರಸ್ತೆ ಆಗುವ ಮುನ್ನ ಎಲ್ಲ ಯಾತ್ರಿಕರಿಗೂ ಇಂಥ ಕಾಡುದಾರಿಗಳೇ ಗತಿಯಾಗಿದ್ದವು. ಈಗ ಇದು ದೇಶದ ಅತಿ ದೊಡ್ಡ ಹುಲಿ ಸಂರಕ್ಷಿತ ಪ್ರದೇಶಗಳಲ್ಲೊಂದರ ಭಾಗವಾದುದರಿಂದ, ಶಿವರಾತ್ರಿ ಯುಗಾದಿಗಳಂಥ ಹಬ್ಬದ ದಿನಗಳಲ್ಲಿ ಮಾತ್ರ ನಡೆಯಲು ಬಿಡುತ್ತಾರೆ. ಕಾಡಿನೊಳಗೆ ಒಂಟಿಯಾಗಿ ಹೋಗುವ ಧೈರ್ಯ ಯಾರಿಗೂ ಇಲ್ಲ. ಊರಿನಲ್ಲಿ ಯಾರ ಮುಖ ನೋಡಬಾರದೆಂದು ದಾರಿ ಬದಲಿಸುತ್ತಿದ್ದೆವೋ, ಅಲ್ಲಿ ಅವನ ಕೆಮ್ಮು ಕೇಳಿದರೂ ಜೀವಕ್ಕೆ ಧೈರ್ಯ.

ಈ ಕಾಡಿನ ನಿವಾಸಿಗಳಾದ ಚೆಂಚುಗಳೂ ಮಲ್ಲಯ್ಯನನ್ನು ತಮ್ಮ ಅಳಿಯನೆಂದೇ ಹೇಳುತ್ತಾರೆ. ಚೆಂಚು ಕನ್ಯೆಯನ್ನು ಮೆಚ್ಚಿ ಮದುವೆಯಾದ ಅವನನ್ನು ಚೆಂಚು ಮಲ್ಲಯ್ಯನೆಂದೂ ಕರೆಯುವುದುಂಟು. ಬೆಳಗಾವಿಯ ಒಕ್ಕಲಿಗನಿಗೂ ಅಳಿಯ, ನಲ್ಲಮಲದ ಬೇಟೆಗಾರನಿಗೂ ಅಳಿಯ! ಒಬ್ಬನೇ ಅಳಿಯನಾದ ಮೇಲೆ ಆ ಎರಡು ಮನೆಗಳೂ ಬೀಗರೇ ಆಗಬೇಕಲ್ಲವೆ? ಕತೆಯ ಈ ತರ್ಕವನ್ನು ಮನುಷ್ಯರು ಇನ್ನೂ ಪೂರ್ಣವಾಗಿ ಒಪ್ಪಿಕೊಂಡಿಲ್ಲವೆಂಬುದು ಬೇರೆ ಮಾತು.

ಭೀಮನಕೊಳ್ಳದ ಕಣಿವೆಗೆ ಇಳಿಯುವುದು ಒಂದು ಕಷ್ಟ. ಅಲ್ಲಿಂದ ಕೈಲಾಸದ್ವಾರಕ್ಕೆ ಏರುವುದು ಮತ್ತೊಂದು. ನೂರಾರು ಕಲ್ಲುಮೆಟ್ಟಿಲುಗಳು ಕಡಿದಾಗಿ ಮೇಲೇರುತ್ತವೆ. ಹದಿಮೂರು ದಿನ ನಡೆದ ಕಾಲುಗಳಿಗೆ ಅದು ಕೊನೆಯ ಪರೀಕ್ಷೆ. ಲೆಕ್ಕದವನ ಬಲಗಾಲಿನ ಗುಳ್ಳೆ ಒಡೆದು ಹಸಿಯಾಗಿತ್ತು. ಅರ್ಧ ಏರುವಷ್ಟರಲ್ಲಿ ಕಣ್ಣು ಕತ್ತಲಿಟ್ಟು, ಮೆಟ್ಟಿಲ ಅಂಚಿನಲ್ಲಿ ಕುಳಿತುಬಿಟ್ಟ. ಗುಂಪು ಮುಂದೆ ಸಾಗಿತ್ತು. ಹಿಂದಿನಿಂದ ಬಂದವನ ಹೆಜ್ಜೆ ಅವನ ಬಳಿ ನಿಂತಿತು. ತಲೆಯೆತ್ತದೆಯೇ ಯಾರೆಂದು ತಿಳಿಯಿತು.

“ಗಂಟ ಇತ್ತ ಕೊಡಣ್ಣಾ.”

ಮೂರು ವರ್ಷದಿಂದ ಬಾರದ ‘ಅಣ್ಣಾ’ ಎಂಬ ಮಾತು ಏದುಸಿರಿನ ನಡುವೆ ಅಭ್ಯಾಸಬಲದಿಂದ ಬಂದಿತೋ ಏನೋ, ಆಡಿದವನಿಗೂ ಆಶ್ಚರ್ಯವಾಗಿರಬೇಕು. ಹಿರಿಯವನು ಗಂಟು ಕೊಟ್ಟ. ಆಮೇಲೆ ಕೈಯನ್ನೂ ಕೊಡಬೇಕಾಯಿತು. ಮೇಲೆ ದ್ವಾರ ಮುಟ್ಟುವವರೆಗೆ ಇಬ್ಬರೂ ಮತ್ತೊಂದು ಮಾತಾಡಲಿಲ್ಲ. ಕ್ಷಮೆ ಕೇಳಲಿಲ್ಲ, ಹಳೆಯದನ್ನು ಎತ್ತಲಿಲ್ಲ. ದ್ವಾರದ ಬಳಿ ಕುಳಿತು ಉಳಿದ ಕಟಕ ರೊಟ್ಟಿಗಳನ್ನು ಮುರಿದು ನೀರಿನಲ್ಲಿ ನೆನೆಸಿ ತಿಂದರು. ಒಬ್ಬನ ಮನೆಯ ಚಟ್ನಿ ಇನ್ನೊಬ್ಬನ ರೊಟ್ಟಿಗೆ ಹೋಯಿತು.

ಆ ಮೆಟ್ಟಿಲುಗಳನ್ನು ಹಾಸಿದವರಾರು? ಹದಿನಾಲ್ಕನೆಯ ಶತಮಾನದ ರೆಡ್ಡಿ ಅರಸು ಪ್ರೋಲಯ ವೇಮರೆಡ್ಡಿ ಶ್ರೀಶೈಲದ ಬೆಟ್ಟಕ್ಕೆ ಸೋಪಾನ ಕಟ್ಟಿಸಿದನೆಂದು ಇತಿಹಾಸ ಹೇಳುತ್ತದೆ. ಪಾತಾಳಗಂಗೆಗೆ ಇಳಿಯುವ ಮೆಟ್ಟಿಲುಗಳನ್ನು ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠಲಾಂಬೆ ಮಾಡಿಸಿದಳು. ಕಟ್ಟಿಸಿದವರ ಹೆಸರು ಉಳಿಯಿತು. ಕಲ್ಲು ಹೊತ್ತವರ ಹೆಸರು ಉಳಿಯಲಿಲ್ಲ. ಅವರಿಗೂ ಮುಂಚೆ, ಮೆಟ್ಟಿಲೇ ಇಲ್ಲದ ಹನ್ನೆರಡನೆಯ ಶತಮಾನದಲ್ಲಿ, ಉಡುತಡಿಯ ಅಕ್ಕಮಹಾದೇವಿ ಕಲ್ಯಾಣವನ್ನು ಕಂಡು ಈ ಬೆಟ್ಟಕ್ಕೆ ಬಂದಳೆಂದು ಪರಂಪರೆ ನಂಬುತ್ತದೆ. ದಾರಿ ಎಂಬುದೇ ಒಂದು ಋಣ. ಅದನ್ನು ಸವೆಸಿದವರಿಗೆ ತೀರಿಸುವ ಬಗೆಯಿಲ್ಲ. ನಡೆದು, ಅದು ಹುಲ್ಲು ಮುಚ್ಚದಂತೆ ನೋಡಿಕೊಳ್ಳಬಹುದು, ಅಷ್ಟೆ.

ಕೂಡಿ ನಡೆದ ಮಾತ್ರಕ್ಕೆ ಎಲ್ಲ ಗೋಡೆಗಳೂ ಬೀಳುತ್ತವೆಂದು ಹೇಳಿದರೆ ಅದು ಸುಳ್ಳಾದೀತು. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು ಪಂಢರಪುರದ ವಾರಿಯಲ್ಲಿ ತಾವೇ ನಡೆದು ಬರೆದ ಪ್ರಬಂಧ ೧೯೬೨ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾಯಿತು. ಒಂದೇ ದಿಂಡಿಯಲ್ಲಿ ಒಂದೇ ಅಭಂಗ ಹಾಡುತ್ತ ನಡೆದವರು ಊಟದ ಹೊತ್ತಿಗೆ ಜಾತಿಯಂತೆ ಬೇರ್ಪಟ್ಟು ಕುಳಿತುದನ್ನು ಅವರು ನೋವಿನಿಂದ ಗುರುತಿಸಿದ್ದಾರೆ. ಕಾಲುಗಳು ಕೂಡಿದ ಮಾತ್ರಕ್ಕೆ ಕೈಗಳು ಕೂಡವು. ಪಂಕ್ತಿಯಲ್ಲಿ ಸರಿದು ಪಕ್ಕದವನಿಗೆ ಜಾಗ ಕೊಡುವ ಕೆಲಸವನ್ನು ಬೆಟ್ಟ ಮಾಡಿಕೊಡುವುದಿಲ್ಲ. ಅದನ್ನು ಮನುಷ್ಯನೇ ಮಾಡಬೇಕು. ಬೆಟ್ಟ ಮಾಡುವುದು ಇಷ್ಟು: ತಾನು ಯಾರ ನೆರವೂ ಇಲ್ಲದೆ ನಿಂತಿದ್ದೇನೆಂಬ ಸುಳ್ಳನ್ನು ಕೆಲವು ದಿನ ಹೇಳಿಕೊಳ್ಳದಂತೆ ಮಾಡುತ್ತದೆ.

ಮರುದಿನ ನೂಕುನುಗ್ಗಲಿನ ನಡುವೆ ದರ್ಶನವಾಯಿತು. ಮಗಳಿಗೆ ತಂದ ಸೀರೆ ಸಂದಿತು. ಲೆಕ್ಕದವನು ತಾಯಿಯ ಹರಕೆಯನ್ನು ನಿವೇದಿಸಿ, ಮತ್ತೊಮ್ಮೆ ಕೈ ಮುಗಿದ. ಯಾರ ಹೆಸರಿನಲ್ಲಿ ಮುಗಿಯಬೇಕೆಂದು ತೋಚದೆ, ಬೇವಿನ ಮರವನ್ನೂ ಮಜ್ಜಿಗೆಯ ಗಡಿಗೆಯನ್ನೂ ನೆನೆದುಕೊಂಡ. ಹೆಸರಿಲ್ಲದಿದ್ದರೂ ಮುಖ ಸ್ಪಷ್ಟವಾಗಿ ಬಂದಿತು. ಅವನು ಪುಸ್ತಕದಲ್ಲಿ ಬರೆದುಕೊಂಡಿದ್ದ ಯಾರ ಮುಖವೂ ಅಷ್ಟು ನೆನಪಿರಲಿಲ್ಲ.

ಬಳಿಕ ಅಣ್ಣತಮ್ಮಂದಿರಿಬ್ಬರೂ ಪಾತಾಳಗಂಗೆಗೆ ಇಳಿದರು. ಹೆಸರು ಪಾತಾಳಗಂಗೆ, ನೀರು ಕೃಷ್ಣೆಯದು. ಕುಡಚಿಯ ಸೇತುವೆಯ ಕೆಳಗೆ ಹರಿದ ಆ ನದಿಯೇ ಆಲಮಟ್ಟಿಯನ್ನು ದಾಟಿ, ತುಂಗಭದ್ರೆಯನ್ನು ಕೂಡಿಕೊಂಡು, ಇವರಿಗಿಂತ ಸುತ್ತಿನ ದಾರಿಯಲ್ಲಿ ಇಲ್ಲಿಗೆ ಬಂದಿದೆ. ಕಿರಿಯವನು ಬೊಗಸೆಯಲ್ಲಿ ನೀರೆತ್ತಿ ನೋಡುತ್ತ ನಿಂತ. ಒಂದು ಬಾವಿಯ ನೀರಿಗಾಗಿ ಮೂರು ವರ್ಷ ಮಾತುಬಿಟ್ಟವರು ಆಗ ಏನು ಯೋಚಿಸಿರಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರಳುವಾಗ ಬಸ್ಸಿನ ಪ್ರಯಾಣ. ಹದಿನೈದು ದಿನಗಳ ದಾರಿ ಒಂದು ಹಗಲು ರಾತ್ರಿಗಳಲ್ಲಿ ಹಿಂದೆ ಸರಿಯಿತು. ಊರಿನಲ್ಲಿ ಬಾವಿ ಇದ್ದ ಹಾಗೆಯೇ ಇತ್ತು. ವಿದ್ಯುತ್ತಿನ ತಾಸುಗಳು ಹೆಚ್ಚಾಗಿರಲಿಲ್ಲ. ಪಾಳಿಯ ತಕರಾರು ಮುಂದೆಯೂ ಒಂದೆರಡು ಸಲ ತಲೆಯೆತ್ತಿತು. ಆದರೆ ಚೈತ್ರ ಕಳೆಯುವ ಮೊದಲು ಒಂದು ಸಂಜೆ ಹಿರಿಯವನು ತಾನೇ ಹೊಲದ ಬದುವಿನ ತನಕ ಹೋಗಿ ನಿಂತು ಕೂಗಿದ:

“ನಿನ್ನ ಕಬ್ಬ ಒಣಗಾಕತ್ತೈತಿ. ನಾಳಿನ ಪಾಳಿ ನೀನ ತಗೋ.”

ಕಂಬಿಯ ಪಾಳಿ ಬಾವಿಯವರೆಗೆ ಬಂದಿತ್ತು.

ಅವನ ಮನೆಯಲ್ಲಿ ಆದ ಬದಲಾವಣೆಯನ್ನು ಊರು ಕಾಣಲಿಲ್ಲ. ಮರಳಿದ ರಾತ್ರಿ ಹೆಂಡತಿ ರೊಟ್ಟಿ ಬಡಿಸುತ್ತಿದ್ದಾಗ ಅವನು, “ಹೊರಡೂ ಮುಂದ ಎಷ್ಟು ರೊಟ್ಟಿ ಮಾಡಿದ್ದಿ?” ಎಂದು ಕೇಳಿದ. ಅವಳಿಗೆ ನಗು ಬಂದಿತು. “ಯಾರು ಎಣಿಸ್ಯಾರ?” ಎಂದಳು. ದಾರಿಯುದ್ದಕ್ಕೂ ಪರರು ಕೊಟ್ಟುದನ್ನು ಬರೆದುಕೊಂಡವನ ಪುಸ್ತಕದಲ್ಲಿ, ಕೈಲಾಸದ್ವಾರದವರೆಗೆ ಬಂದ ಆ ರೊಟ್ಟಿಗಳ ಲೆಕ್ಕ ಇರಲೇ ಇಲ್ಲ. ಹತ್ತಿರದವರು ಮಾಡಿದ್ದನ್ನು ತಿಳಿಯಲು ಮನುಷ್ಯನು ಕೆಲವೊಮ್ಮೆ ನೂರಾರು ಮೈಲಿ ದೂರ ಹೋಗಬೇಕಾಗುತ್ತದೆ.

ಮರುವರ್ಷ ಹೋಳಿ ಕಳೆದ ಮೇಲೆ ಅವನ ಕಾಲು ಒಗ್ಗದೆ ಶ್ರೀಶೈಲಕ್ಕೆ ಹೊರಡಲಾಗಲಿಲ್ಲ. ಪಶ್ಚಿಮದ ಊರುಗಳಿಂದ ಕಂಬಿಗಳು ಬರುವ ದಿನ, ಹಾರೂಗೇರಿಯ ಕ್ರಾಸಿನ ಬಳಿ ಗಿಡದ ನೆರಳಿನಲ್ಲಿ ಎರಡು ಗಡಿಗೆ ಮಜ್ಜಿಗೆ ಇಟ್ಟುಕೊಂಡು ಕುಳಿತ. ಒಂದು ಗಡಿಗೆ ತಮ್ಮನ ಮನೆಯದು. ಹೊಸದಾಗಿ ಹೊರಟ ತರುಣನೊಬ್ಬ ಎರಡು ಲೋಟ ಕುಡಿದು, ಬಾಯಿ ಒರೆಸಿಕೊಂಡು, ಕಿಸೆಗೆ ಕೈ ಹಾಕಿ, “ಎಷ್ಟಾತ್ರಿ?” ಎಂದು ಕೇಳಿದ.

ಉತ್ತರ ಹೇಳಲು ಅವನಿಗೆ ತಡವಾಗಲಿಲ್ಲ.

“ಮುಂದ ಇಳಕಲ್ಲಿನ ಈಚೆ ಬೇವಿನ ಗಿಡದ ಬುಡಕ ಒಬ್ಬಾಕಿ ಮುದುಕಿ ಕುಂತಿರ್ತಾಳ. ಆಕಿ ಹೆಸರ ಕೇಳಿಕೊಂಡು ಹೋಗು, ತಮ್ಮಾ. ನಾ ಕೇಳೂದು ಮರ್ತಿದ್ದೆ.”